ಎಲ್‌ವಿಎನ್‌ನಿಂದ ಆರ್‌ಎನ್‌ಗೆ: ಕೈ ಪಳಗಿದವರ ಕಷ್ಟ

ಎಲ್‌ವಿಎನ್‌ಗಳನ್ನು ಆರ್‌ಎನ್, ಅಂದರೆ ನೋಂದಾಯಿತ ನರ್ಸ್ ಮಾಡುವ ತರಗತಿಗೆ ನಾನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಪಾಠ ಹೇಳುತ್ತೇನೆ. ಎಲ್‌ವಿಎನ್ ಎಂದರೆ ಸುಮಾರು ಒಂದು ವರ್ಷದ ತರಬೇತಿ ಮುಗಿಸಿ ಪರವಾನಗಿ ಪಡೆದ ನರ್ಸ್; ಟೆಕ್ಸಾಸ್, ಕ್ಯಾಲಿಫೋರ್ನಿಯಾ ಬಿಟ್ಟರೆ ಅಮೆರಿಕದ ಉಳಿದೆಡೆ ಇವರೇ ಎಲ್‌ಪಿಎನ್. ಸೇನೆಯ ವೈದ್ಯಕೀಯ ತರಬೇತಿ ನಡೆಯುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಇದೇ ಊರಿನಲ್ಲಿದೆ. ಹಾಗಾಗಿ ಮಾಜಿ ಸೈನಿಕರಿಲ್ಲದ ತರಗತಿಯನ್ನು ನಾನು ಕಂಡಿಲ್ಲ.

ಅಂಥ ಒಬ್ಬರು ಮೊನ್ನೆ ಪ್ರಯೋಗಾಲಯದ ಗೊಂಬೆಯ ತೋಳಿಗೆ ಕ್ಯಾನುಲಾ ಹಾಕಿದ್ದನ್ನು ಉಳಿದವರು ಬಾಯಿ ತೆರೆದು ನೋಡಿದರು. ಅಭ್ಯಾಸಕ್ಕೆ ಕೊಟ್ಟ ಸನ್ನಿವೇಶ: ಹೃದಯ ಸೋತ ರೋಗಿ, ಕಾಲು ಊದಿದೆ, ಮೈಯ ನೀರಿಳಿಸುವ ಫ್ಯೂರೊಸೆಮೈಡ್ ಕೊಡಿ ಎಂದು ವೈದ್ಯರು ಬರೆದಿದ್ದಾರೆ. ಇವರು ಸಿರಿಂಜಿಗೆ ಔಷಧ ಎಳೆದುಕೊಂಡು ನಿಂತರು. ಪಕ್ಕದ ಪರದೆಯಲ್ಲಿ ಬೆಳಗಿನ ರಕ್ತಪರೀಕ್ಷೆ: ಪೊಟ್ಯಾಸಿಯಂ 2.8, ಇರಬೇಕಾದದ್ದಕ್ಕಿಂತ ತೀರಾ ಕಡಿಮೆ. ಆ ಔಷಧ ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ, ಹೃದಯದ ಬಡಿತವೇ ಲಯ ತಪ್ಪಬಹುದು. ಕೈ ಹಿಡಿದು ತಡೆದೆ. “ಆದೇಶ ಇತ್ತಲ್ಲ ಮೇಡಂ” ಎಂದರು. ಎಂಟು ವರ್ಷ ಸೈನ್ಯದಲ್ಲಿದ್ದವರು ಇನ್ನೇನು ಹೇಳಿಯಾರು!

ಔಷಧ ಕೊಡದೆ ತಡೆಹಿಡಿದು ವೈದ್ಯರಿಗೆ ಫೋನ್ ಮಾಡುವುದು ಎಲ್‌ವಿಎನ್‌ಗೂ ಗೊತ್ತಿರಬೇಕಾದದ್ದೇ. ಆದರೆ ಎಲ್‌ವಿಎನ್ ಕಂಡದ್ದನ್ನು ಬರೆದು ತಿಳಿಸಿದರೆ, ಅದಕ್ಕೆ ಅರ್ಥ ಹಚ್ಚಿ, ಯಾವ ರೋಗಿಯ ಬಳಿಗೆ ಮೊದಲು ಹೋಗಬೇಕೆಂದು ತೀರ್ಮಾನಿಸಿ, ಆ ತೀರ್ಮಾನಕ್ಕೆ ಹೊಣೆಯಾಗುವವರು ಆರ್‌ಎನ್. ಆರ್‌ಎನ್ ಪರವಾನಗಿಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯೂ 2023ರ ಏಪ್ರಿಲ್‌ನಿಂದ ಇದನ್ನೇ ಹೆಚ್ಚಾಗಿ ಕೆದಕುತ್ತಿದೆ. 85ರಿಂದ 150 ಪ್ರಶ್ನೆ, ಐದು ಗಂಟೆ. ಒಬ್ಬನೇ ರೋಗಿಯ ಸ್ಥಿತಿ ಬದಲಾಗುತ್ತಾ ಹೋಗುವಾಗ ಆರಾರು ಪ್ರಶ್ನೆಗಳು ಬರುತ್ತವೆ.

ಸೈನ್ಯದಿಂದ ಬರುವವರೆಲ್ಲ ಒಂದೇ ಅಲ್ಲ. ಭೂಸೇನೆಯ 68ಸಿ ಎಂಬ ನರ್ಸಿಂಗ್ ವಿಭಾಗದವರು ಎಲ್‌ಪಿಎನ್ ಪರವಾನಗಿ ಪಡೆದೇ ಬರುತ್ತಾರೆ, ನೇರವಾಗಿ ನಮ್ಮ ತರಗತಿಗೆ ಅರ್ಜಿ ಹಾಕಬಹುದು. ರಣರಂಗದಲ್ಲಿ ಜೀವ ಉಳಿಸಿದ 68ಡಬ್ಲ್ಯೂ ಮೆಡಿಕ್‌ಗಳ ಕೈಯಲ್ಲಿರುವುದು ತುರ್ತುಸೇವೆಯ ಪ್ರಮಾಣಪತ್ರ ಮಾತ್ರ. ಇದು ಅನ್ಯಾಯ ಎಂದೇ ನನಗನ್ನಿಸುತ್ತದೆ, ಆದರೆ ನಿಯಮ ನನ್ನ ಕೈಯಲ್ಲಿಲ್ಲ. ಸೇನೆಯ ತರಬೇತಿ ದಾಖಲೆಯಾದ ಜೆಎಸ್‌ಟಿಯನ್ನು ಕಾಲೇಜಿಗೆ ತರಿಸಿ, ಯಾವ ವಿಷಯಕ್ಕೆ ವಿನಾಯಿತಿ ಸಿಗುತ್ತದೆ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ಹಣದ ವಿಚಾರ. ಮಾಜಿ ಸೈನಿಕರ ಓದಿಗೆ ಸರ್ಕಾರದ ನೆರವಾದ ಜಿಐ ಬಿಲ್ ಕೊಡುವುದು 36 ತಿಂಗಳು, ಅದು ಸವೆಯುವುದು ಕಾಲದ ಲೆಕ್ಕದಲ್ಲಿ. ಅಗ್ಗದ ಕಾಲೇಜಾದರೂ ಪೂರ್ಣಾವಧಿ ಓದಿದರೆ ತಿಂಗಳಿಗೆ ತಿಂಗಳು ಹೋಯಿತು. ಅಂಗರಚನೆ, ಸೂಕ್ಷ್ಮಜೀವಿಶಾಸ್ತ್ರದಂಥ ಪೂರ್ವವಿಷಯಗಳನ್ನು ಸೇವೆಯಲ್ಲಿರುವಾಗಲೇ ಸೇನೆಯ ಶುಲ್ಕ ನೆರವಿನಲ್ಲಿ ಮುಗಿಸಿಕೊಂಡರೆ, ಆ ತಿಂಗಳುಗಳು ಬಿಎಸ್‌ಎನ್ ಎಂಬ ನರ್ಸಿಂಗ್ ಸ್ನಾತಕ ಪದವಿಗೆ ಉಳಿಯುತ್ತವೆ. ಸೇನೆಯಲ್ಲೇ ನರ್ಸಿಂಗ್ ಅಧಿಕಾರಿಯಾಗುವ ಆಸೆಯಿದ್ದರೆ ಆ ಪದವಿ ಬೇಕೇ ಬೇಕು, ಎರಡು ವರ್ಷದ ಅಸೋಸಿಯೇಟ್ ಪದವಿ ಸಾಲದು. ಭೂಸೇನೆಯ ಎಇಸಿಪಿ, ನೌಕಾಪಡೆಯ ಎಂಇಸಿಪಿ ಯೋಜನೆಗಳಲ್ಲಿ ಆಯ್ಕೆಯಾದವರು ಸಂಬಳ ಪಡೆಯುತ್ತಲೇ ಅದನ್ನು ಓದುತ್ತಾರೆ.

30 ಯೂನಿಟ್‌ಗಳಷ್ಟು ಪಾಠ ಓದಿ ಎಲ್‌ವಿಎನ್‌ಗಳು ಆರ್‌ಎನ್ ಆಗುವ ಕ್ಯಾಲಿಫೋರ್ನಿಯಾದ ಒಳದಾರಿಯ ಬಗ್ಗೆ ವಿಚಾರಿಸುವವರಿದ್ದಾರೆ. ಪರವಾನಗಿ ಸಿಗುತ್ತದೆ, ಪದವಿ ಸಿಗುವುದಿಲ್ಲ. ಗಡಿ ದಾಟಿದರೆ ಎಷ್ಟೋ ರಾಜ್ಯಗಳು ಅದನ್ನು ಒಪ್ಪುವುದಿಲ್ಲ. ನಾನಂತೂ ಬೇಡ ಎನ್ನುತ್ತೇನೆ.

ಕರ್ನಾಟಕದಿಂದ ಬರುವ ಕರೆಗಳಿಗೂ ಇಲ್ಲೇ ಉತ್ತರ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿ ನೋಂದಾಯಿಸಿಕೊಂಡವರಿಗೆ ಸಾಮಾನ್ಯವಾಗಿ ಈ ಸುತ್ತುದಾರಿ ಬೇಕಿಲ್ಲ. ದಾಖಲೆಗಳ ಮೌಲ್ಯಮಾಪನ ಮಾಡಿಸಿ ಆರ್‌ಎನ್ ಪರೀಕ್ಷೆಗೇ ಕೂರಬಹುದು. ಸಹಾಯಕ ನರ್ಸ್ ತರಬೇತಿಯಾದ ಎಎನ್‌ಎಂ ಮಾತ್ರ ಓದಿದವರಿಗೆ ಆ ಅವಕಾಶವಿಲ್ಲ. ಅವರು ಊರಿನಲ್ಲೇ ಜಿಎನ್‌ಎಂ ಮುಗಿಸಿಕೊಂಡು ಬರುವುದು ಖರ್ಚಿನಲ್ಲೂ ಹಗುರ.