ಆನೆ ನುಂಗಿದ ಬೇಲದ ಹಣ್ಣಿನಂಥ ಪರಮಾಣು

ನಿಯಾನ್ ಪರಮ ಸಾಧು ಅನಿಲ. ಯಾರ ಸಹವಾಸಕ್ಕೂ ಹೋಗುವುದಿಲ್ಲ. ಅದರ ಪರಮಾಣುವಿನಲ್ಲಿ 10 ಎಲೆಕ್ಟ್ರಾನ್‌ಗಳು: ಒಳಮನೆಯಲ್ಲಿ 2, ಹೊರಜಗಲಿಯಲ್ಲಿ 8. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 2009ರಲ್ಲಿ ಎಲ್‌ಸಿಎಲ್‌ಎಸ್ ಎಂಬ ಎಕ್ಸ್-ರೇ ಲೇಸರ್ ಶುರುವಾದಾಗ ಮೊದಲ ಏಟು ಬಿದ್ದದ್ದು ಈ ಸಾಧುವಿಗೇ.

ಲೇಸರಿನ ಒಂದು ಮಿಂಚು ಎಷ್ಟು ಹೊತ್ತಿನದು? ಸುಮಾರು 100 ಫೆಮ್ಟೋಸೆಕೆಂಡ್ (ಒಂದು ಫೆಮ್ಟೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು). ಅಷ್ಟರಲ್ಲಿ ಬೆಳಕು ಕೂಡ ಒಂದು ಕೂದಲಿನ ದಪ್ಪ ದಾಟಲಾರದು!

ಮಾಮೂಲಿ ಬೆಳಕು ಪರಮಾಣುವನ್ನು ಹೊರಗಿನಿಂದ ಕೆಣಕುತ್ತದೆ. ಸಾಕಷ್ಟು ಶಕ್ತಿಯ ಎಕ್ಸ್-ರೇ ಹಾಗಲ್ಲ, ನೇರ ಒಳಮನೆಗೇ ನುಗ್ಗಿ ಅಲ್ಲಿನ ಎಲೆಕ್ಟ್ರಾನನ್ನು ಹೊರದಬ್ಬುತ್ತದೆ. ಖಾಲಿ ಜಾಗಕ್ಕೆ ಜಗಲಿಯಿಂದ ಒಂದು ಇಳಿಯುತ್ತದೆ. ಆಗ ಉಳಿದ ಶಕ್ತಿಗೆ ಜಗಲಿಯ ಇನ್ನೊಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಈ ಇಳಿಯೋದು, ಹಾರೋದು ಎಲ್ಲಾ ಎರಡು-ಮೂರು ಫೆಮ್ಟೋಸೆಕೆಂಡಿನ ಕೆಲಸ. ಅಷ್ಟರಲ್ಲಿ ಮತ್ತೊಂದು ಏಟು. ಹೀಗೆ ಒಂದೇ ಮಿಂಚಿನಲ್ಲಿ ಹತ್ತೂ ಎಲೆಕ್ಟ್ರಾನ್ ಹೋಗಿ ಬರೀ ಬೀಜ ಉಳಿಯಿತು.

ನನಗೆ ಇದಕ್ಕಿಂತ ಮಜಾ ಅನಿಸಿದ್ದು ಇನ್ನೊಂದು ಸಂಗತಿ. ಕೆಲವೊಮ್ಮೆ ಜಗಲಿಯಿಂದ ಯಾರೂ ಇಳಿಯುವ ಮೊದಲೇ ಒಳಗಿನ ಎರಡೂ ಹೋಗಿಬಿಡುತ್ತವೆ. ಆಗ ಪರಮಾಣು ಥೇಟ್ ಆನೆ ನುಂಗಿದ ಬೇಲದ ಹಣ್ಣು: ಚಿಪ್ಪು ಇದೆ, ತಿರುಳಿಲ್ಲ. ಎಕ್ಸ್-ರೇ ಹೀರುವ ಎಲೆಕ್ಟ್ರಾನೇ ಇಲ್ಲದ ಮೇಲೆ ಹೀರೋದಾದರೂ ಯಾರು? ಆ ಗಳಿಗೆಯಲ್ಲಿ ನಿಯಾನ್ ಹೆಚ್ಚುಕಮ್ಮಿ ಗಾಜಿನಂತೆ ಪಾರದರ್ಶಕ. ಅಂದರೆ ಅಷ್ಟೇ ಶಕ್ತಿಯನ್ನು ಇನ್ನೂ ಚಿಕ್ಕ ಮಿಂಚಿನಲ್ಲಿ ತುಂಬಿದರೆ ಹಾನಿ ಜಾಸ್ತಿಯಲ್ಲ, ಕಡಿಮೆ. ವಿಚಿತ್ರ ಅಲ್ವಾ?

ಪ್ರೋಟೀನ್‌ಗಳ ಚಿತ್ರ ತೆಗೆಯುವವರಿಗೆ ಇದು ಸಿಹಿಸುದ್ದಿ. ಅವರ ಉಪಾಯವೇ ಅದು: ಪ್ರೋಟೀನಿನ ಹರಳು ಎಕ್ಸ್-ರೇ ಏಟಿಗೆ ಸಿಡಿದು ಚೂರಾಗುವ ಮೊದಲು ಚಿತ್ರ ಮುಗಿಸಿಬಿಡುವುದು. 2011ರಲ್ಲಿ, ಗಿಡಗಳು ಬಿಸಿಲು ಹಿಡಿಯಲು ಬಳಸುವ ಒಂದು ಪ್ರೋಟೀನಿನ ಪುಟಾಣಿ ಹರಳುಗಳ ಮೇಲೆ ಇದು ಫಲಿಸಿತು.

ಆದರೆ ಅಣುವಿನಲ್ಲಿ ಒಂದು ಭಾರದ ಪರಮಾಣು ಸೇರಿಕೊಂಡರೆ ಲೆಕ್ಕ ಬೇರೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಯೋಡಿನ್ ಇರುವ ಒಂದು ಸಣ್ಣ ಅಣುವಿಗೆ ಗುರಿಯಿಟ್ಟರು. ಅಯೋಡಿನ್ ಎಲೆಕ್ಟ್ರಾನ್ ಕಳೆದುಕೊಂಡಂತೆಲ್ಲ ಪಕ್ಕದ ಕಾರ್ಬನ್, ಹೈಡ್ರೋಜನ್‌ಗಳಿಂದ ಎಳೆದುಕೊಂಡಿತು. ಎಳೆದುಕೊಂಡದ್ದನ್ನೂ ಕಳೆದುಕೊಂಡಿತು. ಇಡೀ ಅಣುವಿನಲ್ಲಿದ್ದ 62 ಎಲೆಕ್ಟ್ರಾನ್‌ಗಳಲ್ಲಿ 54 ಹೋದವು. ಆಮೇಲೆ ಅಣು ಸಿಡಿಯಿತು.

ಪ್ರೋಟೀನ್‌ಗಳಲ್ಲೂ ಅಲ್ಲಲ್ಲಿ ಕಬ್ಬಿಣ, ಗಂಧಕದ ಪರಮಾಣುಗಳು ಕೂತಿರುತ್ತವೆ. ಅವುಗಳ ಸುತ್ತಮುತ್ತ ಚಿತ್ರವನ್ನು ಎಷ್ಟು ನಂಬಬಹುದು ಅನ್ನುವ ಲೆಕ್ಕಾಚಾರ ಇನ್ನೂ ನಡೆದೇ ಇದೆ.