ಸಾವಯವ ವೈನಿನಲ್ಲಿ ಗಂಧಕವೇಕೆ?

ಬಾಟಲಿಯ ಹಿಂಬದಿ ತಿರುಗಿಸಿ, 'ಸಲ್ಫೈಟ್ ಇದೆ' ಎಂಬ ಸಾಲಿನ ಮೇಲೆ ಬೆರಳಿಟ್ಟು, 'ಹಾಗಾದರೆ ಇದು ಸಾವಯವ ಹೇಗಾಯಿತು?' ಎಂದು ಯಾರಾದರೂ ನನ್ನನ್ನು ಕೇಳದ ವಾರವಿಲ್ಲ. ಗ್ರಾಹಕರು ಕೇಳಿದರೆ ಬೇಸರವಿಲ್ಲ. ಬೆಳೆಗಾರರೇ ಕೇಳಿದಾಗ ತಾಳ್ಮೆ ತಪ್ಪುತ್ತದೆ, ಏಕೆಂದರೆ ಉತ್ತರ ಅವರ ತೋಟದಲ್ಲೇ ಇದೆ.

ಮೊದಲ ಮಾತು, ಸಲ್ಫೈಟ್ ಎಂದರೆ ವೈನ್ ಕೆಡದಂತೆ ಕಾಯುವ ಗಂಧಕದ ಸಂಯುಕ್ತ; ಅದು ಪೂರ್ತಿ ಹೊರಗಿನಿಂದ ಬರುವುದಲ್ಲ. ರಸವನ್ನು ಹುದುಗಿಸುವ ಯೀಸ್ಟ್ ತಾನೇ ಒಂದಿಷ್ಟನ್ನು ಉತ್ಪಾದಿಸುತ್ತದೆ. ಹನಿ ಗಂಧಕವನ್ನೂ ಸೇರಿಸದ ವೈನಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ದಾಟುವುದು ಅಪರೂಪವಲ್ಲ. ಎರಡನೆಯದು, ನಿಯಮಗಳು ದೇಶಕ್ಕೊಂದು ಬಗೆ. ಅಮೆರಿಕದಲ್ಲಿ 'ಸಾವಯವ ವೈನ್' ಎನ್ನಬೇಕಾದರೆ ಸಲ್ಫೈಟ್ ಸೇರಿಸುವಂತಿಲ್ಲ. ಯುರೋಪಿನ ಒಕ್ಕೂಟ 2012ರ ಕೊಯ್ಲಿನಿಂದ, ಮಿತಿಯೊಳಗೆ ಸಲ್ಫೈಟ್ ಸೇರಿಸಿದರೂ ಆ ಹೆಸರಿಗೆ ಅವಕಾಶ ಕೊಟ್ಟಿತು. ಒಣ (ಸಿಹಿ ಉಳಿಯದ) ಬಿಳಿ ವೈನಿಗೆ ಅಲ್ಲಿ ಸಾಮಾನ್ಯ ಮಿತಿ ಲೀಟರಿಗೆ 200 ಮಿಲಿಗ್ರಾಂ ಇದ್ದರೆ, ಸಿಹಿ ತೀರ ಕಡಿಮೆಯಿರುವ ಸಾವಯವ ಬಿಳಿ ವೈನಿಗೆ 150. ಅಂದರೆ ಗಂಧಕ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ನಿಜಕ್ಕೂ ತೊಂದರೆ ಕೊಡುತ್ತದೆ. ಅಂಥವರು ವೈದ್ಯರನ್ನು ಕೇಳಬೇಕು, ನನ್ನನ್ನಲ್ಲ.

ಸಿಂಪಡಣೆಯೇ ಇಲ್ಲದ ತೋಟವೆಂಬ ಕಲ್ಪನೆಯೂ ಅಷ್ಟೇ ತಪ್ಪು. ಬೂದಿ ರೋಗಕ್ಕೆ ಗಂಧಕ, ಬೂಜು ತುಪ್ಪಟ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಾವಯವ ಬೇಸಾಯದಲ್ಲೂ ಬೇಕು. ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ಕೊಳೆಯದೆ ಕೂಡುತ್ತಾ ಹೋಗುವುದರಿಂದ ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಎಂಬ ಕಟ್ಟುಪಾಡಿದೆ.

ಇನ್ನು ನಾನು ಮತ್ತೆ ಮತ್ತೆ ಹೇಳುವ ವಿಷಯ. ಬಿಳಿ ವೈನಿಗೆ ಗಂಧಕ ಎಷ್ಟು ಬೇಕೆನ್ನುವುದನ್ನು ಬಹುಮಟ್ಟಿಗೆ ತೋಟದ ಹುಳಿ ನಿರ್ಧರಿಸುತ್ತದೆ. ಕೆಂಪು ವೈನಿಗೆ ಸಿಪ್ಪೆಯ ಒಗರು ಅಂಶವಾದ ಟ್ಯಾನಿನ್ ಕಾವಲಿದೆ. ಬಿಳಿಯ ರಸವನ್ನು ಸಿಪ್ಪೆಯಿಂದ ಬೇಗ ಬೇರ್ಪಡಿಸುತ್ತೇವೆ, ಆ ಕಾವಲು ಇಲ್ಲ. ಸೇರಿಸಿದ ಗಂಧಕದಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವುದು ಒಂದು ಸಣ್ಣ ಪಾಲು ಮಾತ್ರ: ವೈನಿನ ಬೇರೆ ಅಂಶಗಳ ಜೊತೆ ಬೆಸೆದುಕೊಳ್ಳದೆ ಉಳಿದ ಗಂಧಕದಲ್ಲಿ, ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.0 ಇದ್ದಾಗ ಸುಮಾರು ಶೇ 6, ಪಿಎಚ್ 3.5ಕ್ಕೆ ಏರಿದರೆ ಶೇ 2. ಹುಳಿ ಕಳೆದುಕೊಂಡ ಹಣ್ಣಿಗೆ ಅದೇ ರಕ್ಷಣೆ ಸಿಗಲು ಮೂರು ಪಟ್ಟು ಗಂಧಕ ಬೇಕು. ಬಿಸಿ ರಾತ್ರಿಗಳಲ್ಲಿ ಹಣ್ಣಿನ ಮಾಲಿಕ್ ಆಮ್ಲ ಕರಗುತ್ತದೆ, ಕೊಯ್ಲು ತಡವಾದಷ್ಟೂ ಹುಳಿ ಇಳಿಯುತ್ತದೆ.

ಒಬ್ಬ ಬೆಳೆಗಾರ ನೆನಪಾಗುತ್ತಾನೆ. ತೋಟವನ್ನು ಸಾವಯವಕ್ಕೆ ತಿರುಗಿಸುವ ಮೂರು ವರ್ಷದ ಪರಿವರ್ತನೆಯ ಅವಧಿಯನ್ನು ಶ್ರದ್ಧೆಯಿಂದ ಮುಗಿಸಿದವನು. ಸಾಲುಗಳ ನಡುವೆ ದ್ವಿದಳ ಬೆಳೆಸಿ, ಬುಡದ ಕಳೆಯನ್ನು ಗುದ್ದಲಿಯಲ್ಲಿ ಕೆರೆಸಿದ್ದ. ಮೊದಲ ವೈನಿಗೆ ಗಂಧಕವೇ ಬೇಡವೆಂದ. ಹಣ್ಣನ್ನು ಸಿಹಿ ನೋಡಿ ನೋಡಿ ಕಾಯ್ದು, ನಡುಮಧ್ಯಾಹ್ನ ಕೊಯ್ಸಿದ್ದ. ಪಿಎಚ್ 3.6. ಕೆಲವು ತಿಂಗಳ ನಂತರ ತೊಟ್ಟಿಯ ಮುಚ್ಚಳ ತೆರೆದಾಗ ಹೆಚ್ಚಿಟ್ಟು ಮರೆತ ಸೇಬಿನ ವಾಸನೆ, ತಿಳಿ ಚಹಾದ ಬಣ್ಣ. ಅವನು ಮಾತನಾಡಲಿಲ್ಲ, ಲೋಟದಲ್ಲಿದ್ದುದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬೈಯಬೇಕೆಂದು ಹೋಗಿದ್ದ ನನಗೆ ಬೈಯಲಾಗಲಿಲ್ಲ.

ಮರುವರ್ಷ ಹಣೆಗೆ ದೀಪ ಕಟ್ಟಿಕೊಂಡು ಬೆಳಗಿನ ಜಾವ ಕೊಯ್ದೆವು, ಹಿಂದಿಗಿಂತ ಹತ್ತು ದಿನ ಮೊದಲೇ. ಕೊಳೆತ ಗೊಂಚಲುಗಳನ್ನು ಬಳ್ಳಿಯ ಬುಡದಲ್ಲೇ ಬಿಟ್ಟೆವು. ಪಿಎಚ್ 3.2. ಹಿಂದಿನ ವರ್ಷ ಬೇಕಾಗುತ್ತಿದ್ದ ಗಂಧಕದ ಅರ್ಧವೂ ಬೇಕಾಗಲಿಲ್ಲ. ಬಾಟಲಿಯ ಮೇಲೆ 'ಸಲ್ಫೈಟ್ ಇದೆ' ಎಂಬ ಸಾಲನ್ನು ಅವನೇ ಬರೆಸಿದ.