ಎಂಟು ಚುಕ್ಕಿ, ಎಂಟು ಸಾಲಿನಲ್ಲಿ ಒಂದು ಕರಡಿ

ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕುಳಿತವರಿಗೆ ಮೊದಲು ಪರಿಚಯವಾಗುವುದು ಕರಡಿಯಲ್ಲ, ಬಂಡೆ. ಮಧ್ಯಾಹ್ನ ಅರಣ್ಯ ಇಲಾಖೆಯವರು ಎದುರಿನ ಗುಡ್ಡದ ಕಲ್ಲುಗಳಿಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ. ಆಮೇಲೆ ಕಾಯುವುದೊಂದೇ ಕೆಲಸ. ನವಿಲು ಬರುತ್ತದೆ, ಮುಂಗುಸಿ ಬರುತ್ತದೆ, ಬೇಸರವೂ ಬರುತ್ತದೆ. ಬಿಸಿಲು ಓರೆಯಾಗುವ ಹೊತ್ತಿಗೆ ಯಾವುದೋ ಬಂಡೆಯ ನೆರಳು ತಾನಾಗಿ ಕದಲಿದಂತಾಗುತ್ತದೆ. ಅದೇ ಕರಡಿ.

ಮೊದಲ ಸಲ ಹೋದಾಗ ನಾನು ನಲವತ್ತು ಚಿತ್ರ ತೆಗೆದಿದ್ದೆ. ರಾತ್ರಿ ಹೊಸಪೇಟೆಯ ವಸತಿಗೃಹದಲ್ಲಿ ಲ್ಯಾಪ್‌ಟಾಪ್ ತೆರೆದರೆ ಬಂಡೆಗಳು ಬಹಳ ಚೆನ್ನಾಗಿ ಬಂದಿದ್ದವು. ಕರಡಿ ಇದ್ದ ಕಡೆಯಲ್ಲೆಲ್ಲ ಕರಡಿಯ ಆಕಾರದ ಒಂದು ತೂತು. ಜೊತೆಗೆ ಬಂದಿದ್ದ ಷಡ್ಡಕ ಬಗ್ಗಿ ನೋಡಿ, "ಇದು ಕರಡಿಯೋ, ಕಲ್ಲಿನ ಬಿರುಕೋ ಭಾವ?" ಎಂದು ಕೇಳಿದ. ನೆರಳಿನ ಭಾಗವನ್ನು ತಿಳಿಗೊಳಿಸಲು ಹೋದೆ. ಎದೆಯ ಮೇಲಿನ ಬಿಳಿ ಪಟ್ಟೆ ಮಸುಕಾಗಿ ಕಂಡಿತು. ಆದರೆ ಕೂದಲು ಕಾಣಬೇಕಾದಲ್ಲಿ ಕೆಸರು ಬಣ್ಣದ ಚೌಕಗಳು ಎದ್ದವು. ತಪ್ಪು ನನ್ನದೇ. ಹಿಂದಿನ ವಾರ ಮನೆಯ ನಾಮಕರಣದ ಚಿತ್ರಗಳಿಗಾಗಿ ಕ್ಯಾಮೆರಾವನ್ನು ಜೆಪೆಗ್‌ಗೆ, ಅಂದರೆ ಚಿತ್ರವನ್ನು ಕಿರಿದಾಗಿ ಅಡಕಗೊಳಿಸಿಡುವ ಕಡತದ ಬಗೆಗೆ, ಇಟ್ಟವನು ಹಾಗೆಯೇ ಮರೆತು ಬಂದಿದ್ದೆ.

ಆ ಚೌಕಗಳು ಎಲ್ಲಿಂದ ಬಂದವು ಎಂದು ತಿಳಿಯಬೇಕಾದರೆ ಕ್ಯಾಮೆರಾದ ಒಳಗೆ ಇಳಿಯಬೇಕು.

ಒಳಗಿರುವ ಬೆಳಕು ಅಳೆಯುವ ಫಲಕಕ್ಕೆ, ಅಂದರೆ ಸೆನ್ಸರ್‌ಗೆ, ಬಣ್ಣ ಗೊತ್ತಿಲ್ಲ. ಅದರ ಒಂದೊಂದು ಪಿಕ್ಸೆಲ್ಲೂ ಸೂರಿನ ನೀರಿಗೆ ಒಡ್ಡಿದ ಬಿಂದಿಗೆಯ ಹಾಗೆ; ಎಷ್ಟು ಬಿತ್ತು ಎಂಬುದಷ್ಟೇ ಅದರ ಲೆಕ್ಕ. ಬಣ್ಣ ತಿಳಿಯಲಿ ಎಂದು ಪ್ರತಿ ಪಿಕ್ಸೆಲ್‌ನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಸಣ್ಣ ಸೋಸುಗಾಜನ್ನು ಕೂರಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯಲ್ಲಿ ಅರ್ಧ ಪಾಲು ಹಸಿರು, ಕಾಲು ಪಾಲು ಕೆಂಪು, ಕಾಲು ಪಾಲು ನೀಲಿ. ನಮ್ಮ ಕಣ್ಣು ಹಸಿರಿನ ಸುತ್ತಲಿನ ಬೆಳಕಿಗೇ ಹೆಚ್ಚು ಚುರುಕಾಗಿರುವುದರಿಂದ ಈ ಪಕ್ಷಪಾತ. ಅಂದರೆ ಯಾವ ಪಿಕ್ಸೆಲ್ಲೂ ಅಳೆಯುವುದು ಒಂದೇ ಬಣ್ಣವನ್ನು. ಉಳಿದೆರಡನ್ನು ಅಕ್ಕಪಕ್ಕದವರನ್ನು ಕೇಳಿ ಅಂದಾಜು ಮಾಡಬೇಕು. ನಾವು ಮೆಚ್ಚುವ ಪ್ರತಿ ಬಣ್ಣದ ಚಿತ್ರದಲ್ಲೂ ಮೂರರಲ್ಲಿ ಎರಡು ಪಾಲು ಬಣ್ಣ ಹೀಗೆ ಅಂದಾಜಿನಿಂದ ಬಂದದ್ದು.

ರಾ ಕಡತ ಎಂದರೆ ಈ ಅಂದಾಜಿಗೂ ಮುಂಚಿನ ಲೆಕ್ಕದ ಪುಸ್ತಕ. ಪ್ರತಿ ಬಿಂದಿಗೆಯ ಅಳತೆ ಅಲ್ಲಿರುತ್ತದೆ. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನಂಥವು ಅಂಚಿನಲ್ಲಿ ಬರೆದ ಟಿಪ್ಪಣಿಗಳಷ್ಟೇ, ಮನೆಗೆ ಬಂದು ತಿದ್ದಿದರೂ ನಷ್ಟವಿಲ್ಲ. ಕ್ಯಾನನ್ ಇದನ್ನು ಸಿಆರ್3 ಎನ್ನುತ್ತದೆ, ನಿಕಾನ್ ಎನ್‌ಇಎಫ್ ಎನ್ನುತ್ತದೆ, ಸೋನಿ ಎಆರ್‌ಡಬ್ಲ್ಯೂ ಎನ್ನುತ್ತದೆ. ಒಂದು ತಮಾಷೆಯೆಂದರೆ, ರಾ ಇಟ್ಟು ತೆಗೆದರೂ ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ನಾವು ನೋಡುವುದು ಆ ಕಡತದೊಳಗೆ ಅಡಗಿಸಿಟ್ಟ ಪುಟ್ಟ ಜೆಪೆಗ್ ಚಿತ್ರವನ್ನೇ.

ಈಗ ಕರಡಿಯ ಕಪ್ಪಿಗೆ ಬರೋಣ. 14 ಬಿಟ್‌ನ ರಾ ಕಡತದಲ್ಲಿ ಬೆಳಕಿಗೆ 16,384 ಮೆಟ್ಟಿಲುಗಳಿವೆ. ಆದರೆ ಹಂಚಿಕೆ ನ್ಯಾಯವಾಗಿಲ್ಲ. ಸೆನ್ಸರ್‌ನ ಅಳತೆ ನೇರ ಅನುಪಾತದ್ದು, ಬೆಳಕು ಅರ್ಧವಾದರೆ ಅಂಕಿಯೂ ಅರ್ಧ. ಬೆಳಕು ಹೀಗೆ ಅರ್ಧಕ್ಕಿಳಿಯುವ ಒಂದೊಂದು ಹಂತವನ್ನು ಸ್ಟಾಪ್ ಎನ್ನುತ್ತಾರೆ. ಹೀಗಾಗಿ ಅತಿ ಹೊಳಪಿನ ಮೊದಲ ಸ್ಟಾಪ್ ಒಂದೇ 8,192 ಮೆಟ್ಟಿಲುಗಳನ್ನು ನುಂಗಿಬಿಡುತ್ತದೆ. ಎರಡನೆಯದಕ್ಕೆ 4,096, ಮೂರನೆಯದಕ್ಕೆ 2,048. ಏಳನೆಯ ಸ್ಟಾಪ್‌ಗೆ ಇಳಿಯುವಾಗ ಉಳಿಯುವುದು 128. ಬಿಸಿಲಿಗೆ ಹೊಳೆಯುವ ಬಂಡೆ ಮೇಲಿನ ಅಂತಸ್ತಿನಲ್ಲಿ ಕುಳಿತರೆ ನೆರಳಿನ ಕರಡಿಯ ಕೂದಲು ಈ ಕೆಳಮನೆಯಲ್ಲಿ.

ಜೆಪೆಗ್‌ನಲ್ಲಿ ಇಡೀ ಏಣಿಗೇ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ಕಣ್ಣಿನ ಸ್ವಭಾವಕ್ಕೆ ತಕ್ಕಂತೆ ಅವುಗಳನ್ನು ನೆರಳಿನ ಕಡೆಗೆ ಸ್ವಲ್ಪ ಉದಾರವಾಗಿ ಹಂಚುತ್ತಾರೆ, ನಿಜ. ಆದರೂ ಅದೇ ಏಳನೆಯ ಸ್ಟಾಪ್‌ಗೆ ಸಿಗುವುದು ಹತ್ತೋ ಹನ್ನೆರಡೋ. ಚಿತ್ರಕ್ಕೆ ಗಟ್ಟಿತನ ಬರಲೆಂದು ಕ್ಯಾಮೆರಾ ಕಾಂಟ್ರಾಸ್ಟ್ ಏರಿಸಿದರೆ ಅದೂ ಇಲ್ಲ. ರಾ ಕಡತದ 128 ಮೆಟ್ಟಿಲುಗಳೂ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಹೇಳಿಬಿಡಬೇಕು. ಕತ್ತಲಿನಲ್ಲಿ ಸೆನ್ಸರ್‌ನ ಗದ್ದಲ, ಅಂದರೆ ಅಳತೆಯಲ್ಲಿ ಸೇರಿಕೊಳ್ಳುವ ಅಡ್ಡಾದಿಡ್ಡಿ ಏರುಪೇರು, ಅವುಗಳಲ್ಲಿ ಒಂದಷ್ಟನ್ನು ತಿನ್ನುತ್ತದೆ. ಆದರೂ ಹನ್ನೆರಡು ಮೆಟ್ಟಿಲಿನಲ್ಲಿ ಕರಡಿಯನ್ನು ಹತ್ತಿಸುವುದಕ್ಕಿಂತ ಅದು ಎಷ್ಟೋ ವಾಸಿ. ತುಂಬಿ ಹರಿದ ಬಿಂದಿಗೆಯ ವಿಷಯ ಬೇರೆ. ಹೊಳಪು ಮಿತಿ ಮೀರಿ ಬಂಡೆ ಬಿಳಿಚಿಕೊಂಡಿತೋ, ಅದನ್ನು ರಾ ಕಡತವೂ ಬದುಕಿಸಲಾರದು.

ಇನ್ನು ಆ ಚೌಕಗಳು. ಈ ಕಥೆ ಬೆಂಗಳೂರಿನದೂ ಹೌದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ನಾವು ಇಂದು ಯುವಿಸಿಇ ಎನ್ನುವ ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಒಂದು ಸಂಶೋಧನೆಗೆ ಹಣ ಕೇಳಿ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಹೇಳಿದ್ದಾಗಿ ಅಹ್ಮದ್ ಅವರೇ ಮುಂದೆ ಬರೆದುಕೊಂಡರು. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಕಟಿಸಿದ ಆ ಸರಳ ವಿಚಾರವೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1992ರಲ್ಲಿ ಮಾನಕವಾದ ಜೆಪೆಗ್‌ನ ಹೃದಯ ಅದು.

ಅಂಗಳದ ರಂಗೋಲಿ ಗೊತ್ತಿದ್ದವರಿಗೆ ಅದು ಕಷ್ಟವಲ್ಲ. ಕ್ಯಾಮೆರಾ ಇಡೀ ಚಿತ್ರವನ್ನು ಎಂಟು ಚುಕ್ಕಿ, ಎಂಟು ಸಾಲಿನ ಮನೆಗಳಾಗಿ ಕತ್ತರಿಸುತ್ತದೆ. ಒಂದು ಮನೆಗೆ 64 ಪಿಕ್ಸೆಲ್. ಆ 64 ಅಂಕಿಗಳನ್ನು ಹಾಗೆಯೇ ಬರೆದಿಡುವ ಬದಲು, 64 ಸಿದ್ಧ ನಮೂನೆಗಳಲ್ಲಿ ಯಾವುದು ಎಷ್ಟು ಬೆರೆತರೆ ಈ ಮನೆ ಆಗುತ್ತದೆ ಎಂದು ಬರೆಯುತ್ತದೆ. ಮೊದಲ ನಮೂನೆ ಬರೀ ಸಾರಿಸಿದ ನೆಲ, ಮನೆಯ ಸರಾಸರಿ ಹೊಳಪು. ಮುಂದಿನವು ನಿಧಾನದ ಅಲೆಗಳು. ಕೊನೆಯವು ಅತಿ ಸೂಕ್ಷ್ಮ ಎಳೆಗಳು. ಇಷ್ಟರ ತನಕ ನಷ್ಟವಿಲ್ಲ. ನಷ್ಟ ಮುಂದಿನ ಹೆಜ್ಜೆಯಲ್ಲಿ: ಸೂಕ್ಷ್ಮ ಎಳೆಗಳು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ಅವುಗಳ ಪಾಲಿನ ಅಂಕಿಗಳನ್ನು ಒರಟು ಅಂದಾಜಿಗೆ ಇಳಿಸುತ್ತದೆ, ಬಹುಪಾಲನ್ನು ಸೊನ್ನೆ ಎಂದುಬಿಡುತ್ತದೆ. ಸೊನ್ನೆಗಳ ಸಾಲನ್ನು ಮಡಚಿಡುವುದು ಸುಲಭ. 24 ಮೆಗಾಪಿಕ್ಸೆಲ್ ಚಿತ್ರವನ್ನು ಬಣ್ಣಕ್ಕೊಂದು ಬೈಟ್‌ನಂತೆ ಬಿಡಿಬಿಡಿಯಾಗಿ ಬರೆದರೆ 72 ಎಂಬಿ ಬೇಕು. ಅದೇ ಜೆಪೆಗ್ ಆದಾಗ ಹತ್ತು ಎಂಬಿಯ ಆಸುಪಾಸು.

ಆಕಾಶ, ಗೋಡೆ, ಮಗುವಿನ ಕೆನ್ನೆ ಇವುಗಳಿಗೆ ಈ ಒಪ್ಪಂದ ಭೇಷಾಗಿ ನಡೆಯುತ್ತದೆ. ಕತ್ತಲಲ್ಲಿ ನಿಂತ ಕರಡಿಯ ಮೈಯೆಂದರೆ ಬರೀ ಎಳೆಗಳು, ಅದೂ ಬೆಳಕಿಲ್ಲದ ಎಳೆಗಳು. ಕ್ಯಾಮೆರಾ ಎಷ್ಟೋ ಮನೆಗಳಲ್ಲಿ ಸಾರಿಸಿದ ನೆಲವನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಗುಡಿಸಿ ಹಾಕಿತ್ತು. ನಾನು ಹೊಳಪು ಏರಿಸಿದಾಗ ಕಂಡದ್ದು ಆ ನೆಲಗಳನ್ನು.

ಹಾಗೆಂದು ರಾ ಕಡತವನ್ನು ದೇವರ ಮನೆಯಲ್ಲಿಟ್ಟು ಪೂಜಿಸುವವರ ಪೈಕಿ ನಾನಲ್ಲ. ನಾಮಕರಣದ ಮುನ್ನೂರು ಚಿತ್ರಗಳನ್ನು ಒಂದೊಂದಾಗಿ ಸಂಸ್ಕರಿಸುತ್ತ ಕೂರುವವನಿಗೆ ಮಗುವಿನ ಮೊದಲ ಹುಟ್ಟುಹಬ್ಬ ಹತ್ತಿರ ಬಂದಿರುತ್ತದೆ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತನಗೆ ಚಿತ್ರ ಕಳುಹಿಸುವ ಸ್ವತಂತ್ರ (ಫ್ರೀಲಾನ್ಸ್) ಛಾಯಾಗ್ರಾಹಕರಿಗೆ, ರಾ ಕಡತದಿಂದ ಸಂಸ್ಕರಿಸಿದ ಚಿತ್ರ ಬೇಡ, ಕ್ಯಾಮೆರಾದಲ್ಲೇ ಜೆಪೆಗ್ ಆದದ್ದನ್ನು ಕಳುಹಿಸಿ ಎಂದು ಹೇಳಿತು. ಅವರಿಗೆ ಬೇಕಾದದ್ದು ವೇಗ ಮತ್ತು ತಿದ್ದದ ಚಿತ್ರ. ಐಫೋನ್‌ಗಳು 2017ರಿಂದ ಬಳಸುತ್ತಿರುವ ಎಚ್‌ಇಐಸಿ ಕಡತ ಜೆಪೆಗ್‌ಗಿಂತ ಕಡಿಮೆ ಜಾಗದಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ. ಊರಿನ ಸ್ಟುಡಿಯೋದ ಹಳೆಯ ಕಂಪ್ಯೂಟರ್ ಅದನ್ನು ತೆರೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳುವುದು ಲೇಸು. ನನ್ನ ರೂಢಿ ಈಗ ಹೀಗಿದೆ: ಪ್ರವಾಸದಲ್ಲಿ ರಾ ಮತ್ತು ಜೆಪೆಗ್ ಎರಡೂ, ಮನೆಯ ಸಮಾರಂಭಕ್ಕೆ ಜೆಪೆಗ್ ಮಾತ್ರ. ಬದಲಾಯಿಸಲು ನೆನಪಾಗಲಿ ಎಂದು ಕ್ಯಾಮೆರಾ ಚೀಲದೊಳಗೆ "ಕರಡಿ" ಎಂದು ಬರೆದ ಚೀಟಿ ಅಂಟಿಸಿದ್ದೇನೆ.

ಎರಡೂ ಬೇಕೆಂದರೆ ಜಾಗ ಬೇಕು. ನಷ್ಟವಿಲ್ಲದಂತೆ ಅಡಕಗೊಳಿಸಿದ ರಾ ಕಡತಕ್ಕೆ ನನ್ನ ಕ್ಯಾಮೆರಾ ಸುಮಾರು 28 ಎಂಬಿ ತೆಗೆದುಕೊಳ್ಳುತ್ತದೆ. ದಿನಕ್ಕೆ 600 ಚಿತ್ರವೆಂದರೆ ಹತ್ತಿರಹತ್ತಿರ 17 ಜಿಬಿ. ಹಂಪಿಯಲ್ಲಿ ಮೂರು ದಿನ ಕಳೆದರೆ 50 ಜಿಬಿ ದಾಟುತ್ತದೆ, ಜೆಪೆಗ್ ಸೇರಿಸಿದರೆ ಇನ್ನೂ 18. ರಾತ್ರಿ ಎಲ್ಲವನ್ನೂ ಕ್ಲೌಡ್‌ಗೆ ಏರಿಸಿಬಿಟ್ಟರಾಯಿತು ಎನ್ನುವವರು ಒಂದು ಲೆಕ್ಕ ಮಾಡಬೇಕು. ಸೆಕೆಂಡಿಗೆ 10 ಮೆಗಾಬಿಟ್ ವೇಗ ಸಿಕ್ಕರೂ ಒಂದು ದಿನದ ರಾ ಕಡತಗಳಿಗೆ ನಾಲ್ಕು ಗಂಟೆಗೆ ಕೊಂಚ ಕಡಿಮೆ. ವಸತಿಗೃಹದ ವೈಫೈ ಅಷ್ಟು ಹೊತ್ತು ಒಂದೇ ಸಮನೆ ನಡೆದದ್ದನ್ನು ನಾನಂತೂ ಕಂಡಿಲ್ಲ.

ಉಗುರಿನಗಲದ ಮೆಮೊರಿ ಕಾರ್ಡ್‌ನೊಳಗೆ ಇರುವುದು ಫ್ಲ್ಯಾಶ್ ಸ್ಮೃತಿ, ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ್ದು. ನಿರೋಧಕ ಪದರದ ನಡುವಿನ ಕೋಶದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಅದರ ಉಪಾಯ. ಒಂದು ಕೋಶದಲ್ಲಿ ಮೂರು ಬಿಟ್ ತುಂಬುವ ಕಾರ್ಡ್‌ಗಳಲ್ಲಿ ವಿದ್ಯುದಂಶದ ಎಂಟು ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕಾಲ ಕಳೆದಂತೆ ಎಲೆಕ್ಟ್ರಾನುಗಳು ಸೋರುತ್ತವೆ, ಬಿಸಿಯಲ್ಲಿ ಇನ್ನಷ್ಟು ಬೇಗ. ಆದ್ದರಿಂದ ಕಾರ್ಡ್ ಎನ್ನುವುದು ಪ್ರಯಾಣದ ಚೀಲ, ಮನೆಯ ತಿಜೋರಿಯಲ್ಲ. ಕಾರ್ಡ್ ಮೇಲಿನ ಅಕ್ಷರಗಳಲ್ಲಿ ನಾನು ನೋಡುವುದು ವಿ30, ವಿ60 ಎಂಬ ಗುರುತನ್ನು. ಸೆಕೆಂಡಿಗೆ ಕನಿಷ್ಠ 30 ಅಥವಾ 60 ಎಂಬಿ ಬರೆಯುವ ಭರವಸೆ ಅದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಓದುವ ವೇಗ, ಕರಡಿ ಓಡುವಾಗ ಅದರಿಂದ ಪ್ರಯೋಜನವಿಲ್ಲ.

ಎರಡನೆಯ ಸಲ ದರೋಜಿಗೆ ಹೋದಾಗ ಷಡ್ಡಕನೂ ಕ್ಯಾಮೆರಾ ಕೊಂಡಿದ್ದ. ಆ ರಾತ್ರಿ ಖಾಲಿ ಕಾರ್ಡ್ ಎಂದುಕೊಂಡು ಆ ದಿನದ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿಬಿಟ್ಟ. ಮುಖ ಬಿಳಿಚಿಕೊಂಡಿತು. ಕಾರ್ಡ್ ಹೊರಗೆ ತೆಗೆದು ಜೇಬಿಗಿಟ್ಟುಕೋ, ಇನ್ನೊಂದು ಚಿತ್ರವನ್ನೂ ಅದಕ್ಕೆ ಬರೆಯಬೇಡ ಎಂದೆ. ಸಾಮಾನ್ಯ ಫಾರ್ಮ್ಯಾಟ್‌ನಲ್ಲಿ ಅಳಿಯುವುದು ಪರಿವಿಡಿ ಮಾತ್ರ, ಪುಟಗಳಲ್ಲ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಪರಿವಿಡಿಯ ಗೊಡವೆಗೆ ಹೋಗದೆ ಪುಟಗಳನ್ನೇ ಮಗುಚುತ್ತ ಹೋಗುತ್ತದೆ. ಪ್ರತಿ ಜೆಪೆಗ್ ಕಡತವೂ ಎಫ್‌ಎಫ್, ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ರಾ ಕಡತಗಳಿಗೂ ಅವುಗಳದೇ ಮೊದಲಕ್ಷರಗಳಿವೆ. ಆ ಗುರುತು ಹಿಡಿದು ಬೆಳಗಿನ ಜಾವದೊಳಗೆ ಬಹುತೇಕ ಎಲ್ಲವೂ ಸಿಕ್ಕವು, ಹೆಸರು ಕಳೆದುಕೊಂಡು, ಅಂಕಿಗಳನ್ನು ಹೊತ್ತು.

ಅಂದಿನಿಂದ ಇಬ್ಬರದೂ ಒಂದೇ ಕ್ರಮ. ಕ್ಯಾಮೆರಾದ ಎರಡೂ ಕಿಂಡಿಯ ಕಾರ್ಡ್‌ಗಳಿಗೆ ಅದದೇ ಚಿತ್ರ. ರಾತ್ರಿ ಲ್ಯಾಪ್‌ಟಾಪ್ ಮೂಲಕ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗಗಳಿಲ್ಲದ ಸಂಗ್ರಹ ಪೆಟ್ಟಿಗೆಗೆ, ನಕಲು. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಮನೆಯಲ್ಲೇ ಇರುತ್ತದೆ. ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ಅದರ ಸೂಜಿಗೆ ಹಂಪಿಯ ಸುತ್ತಲಿನ ಕಾಲುದಾರಿಗಳು ಹೇಳಿಸಿದ್ದಲ್ಲ. ಕಾರ್ಡ್ ನನ್ನ ಜೇಬಿನಲ್ಲಿ, ಎಸ್‌ಎಸ್‌ಡಿ ಷಡ್ಡಕನ ಚೀಲದಲ್ಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸೂತ್ರ. ಆ ಬೇರೆ ಊರಿನ ಪ್ರತಿ ಪ್ರವಾಸದಲ್ಲಿ ಸಾಧ್ಯವಾಗುವುದಿಲ್ಲ. ಬೇರೆ ಚೀಲವಾದರೂ ಇರಲಿ.

ಕಾರ್ಡ್ ಫಾರ್ಮ್ಯಾಟ್ ಆದ ಆ ರಾತ್ರಿಯ ಮರುದಿನ ಹಂಪಿಯ ವಿಜಯ ವಿಠ್ಠಲನ ಗುಡಿಗೆ ಹೋದೆವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇದೇ ಅಂಗಳದಲ್ಲಿ ದೊಡ್ಡ ಪೆಟ್ಟಿಗೆ ಕ್ಯಾಮೆರಾ ಹೂಡಿ, ಮೇಣ ಹಿಡಿಸಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಇಳಿಸಿಕೊಂಡಿದ್ದ. ಒಂದೊಂದು ಹಾಳೆಯೂ ಅಡಿಗಿಂತ ಅಗಲ. ಆ ನೆಗೆಟಿವ್‌ಗಳು ಇಂದಿಗೂ ಉಳಿದಿವೆ, ಅವುಗಳಿಂದ ಶತಮಾನಕ್ಕೂ ಹೆಚ್ಚು ಕಾಲದ ನಂತರ ಹೊಸದಾಗಿ ಪ್ರಿಂಟ್ ಹಾಕಿದ್ದಾರೆ. ಅವನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ರಥದ ಮೇಲೆ ಅದಿಲ್ಲ, ಐವತ್ತು ರೂಪಾಯಿ ನೋಟಿನ ಮೇಲೂ ಇಲ್ಲ.

ರಥದ ಎದುರು ನಿಂತು ಮೊಬೈಲ್‌ನಲ್ಲಿ ಆ ಚಿತ್ರ ತೆರೆದು ಷಡ್ಡಕನಿಗೆ ತೋರಿಸಿದೆ. ಯಾರೋ ಎಂದೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದು, ಎಷ್ಟು ಕೈ ದಾಟಿ ಬಂದಿತ್ತೋ. ಅವನು ಎರಡು ಬೆರಳಿನಿಂದ ಹಿಗ್ಗಿಸಿ ಶಿಖರದ ಇಟ್ಟಿಗೆಯ ವರಸೆಗಳನ್ನು ಎಣಿಸಲು ಹೊರಟ. ನಾಲ್ಕರ ತನಕ ಎಣಿಸಿ ನಿಲ್ಲಿಸಿದ. ಅಲ್ಲಿಂದ ಮುಂದೆ ಇಟ್ಟಿಗೆ ಇರಲಿಲ್ಲ, ಎಂಟು ಚುಕ್ಕಿ, ಎಂಟು ಸಾಲಿನ ಮನೆಗಳಿದ್ದವು.